ಲಾಯದ ಕೆಲಸ ಹುಡುಕುವ ಮುನ್ನ: ಸಂಬಳ ಯಾರ ಜೇಬಿನಿಂದ ಬರುತ್ತದೆ?

ರೇಸ್‌ಕೋರ್ಸ್‌ನಲ್ಲಿ 100 ರೂಪಾಯಿ ಪಣ ಕಟ್ಟಿದರೆ ಈಗ ಅದರ ಮೇಲೆ 40 ರೂಪಾಯಿ ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. ಓಟ ನಡೆಸುವ ರೇಸ್ ಕ್ಲಬ್ಬಿಗೆ ಸಿಗುವ ಕಮಿಷನ್ ಮೇಲಷ್ಟೇ ತೆರಿಗೆ ಹಾಕಬಹುದು ಎಂದು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ಹೇಳಿತ್ತು. ಕಾನೂನನ್ನೇ ತಿದ್ದಿದ ಮೇಲೆ ಆ ಆಸರೆ ಉಳಿಯಲಿಲ್ಲ.

ಇದು ಪಣ ಕಟ್ಟುವವರ ತಲೆನೋವು, ಕುದುರೆ ಕೆಲಸ ಕಲಿಯಲು ಹೊರಟ ಇಪ್ಪತ್ತರ ಹುಡುಗನಿಗೋ ಹುಡುಗಿಗೋ ಇದರಿಂದೇನು ಎನ್ನಿಸಬಹುದು. ಹಣ ಹರಿಯುವ ದಾರಿ ನೋಡಿ. ಟೋಟ್ ಕೌಂಟರಿಗೆ, ಅಂದರೆ ಕ್ಲಬ್ಬೇ ಪಣ ಕಟ್ಟಿಸಿಕೊಳ್ಳುವ ಕಿಟಕಿಗೆ, ಬಿದ್ದ ದುಡ್ಡಿನಲ್ಲಿ ಒಂದು ಪಾಲನ್ನು ಕ್ಲಬ್ ಹಿಡಿದುಕೊಳ್ಳುತ್ತದೆ. ಬುಕ್ಕಿಗಳು ಕಟ್ಟುವ ಶುಲ್ಕವೂ ಅದಕ್ಕೆ ಸೇರುತ್ತದೆ. ಟ್ರ್ಯಾಕಿನ ನಿರ್ವಹಣೆಗೂ ಓಟದ ಬಹುಮಾನಕ್ಕೂ ಅದೇ ಮುಖ್ಯ ಮೂಲ. ಬಹುಮಾನ ದಪ್ಪಗಿದ್ದರೆ ಮಾಲೀಕ ಇನ್ನೊಂದು ಕುದುರೆ ಕೊಳ್ಳುತ್ತಾನೆ, ಪ್ರತಿ ಕುದುರೆಗೆ ತಿಂಗಳಿಗಿಷ್ಟು ಎಂದು ಟ್ರೈನರ್‌ಗೆ ಕಟ್ಟುತ್ತಾನೆ. ಆ ದುಡ್ಡಿನಲ್ಲೇ ಟ್ರೈನರ್ ಹುಲ್ಲು, ದಾಣಿ, ಲಾಳ, ಔಷಧಿ ಎಲ್ಲ ತೂಗಿಸಿ ಜಮೇದಾರ (ಲಾಯದ ಮೇಲ್ವಿಚಾರಕ), ಸೈಸ್ (ಕುದುರೆ ನೋಡಿಕೊಳ್ಳುವವನು) ಮತ್ತು ತಾಲೀಮಿನಲ್ಲಿ ಕುದುರೆ ಓಡಿಸುವ ರೈಡಿಂಗ್ ಬಾಯ್‌ಗಳ ಸಂಬಳ ತೆಗೆಯಬೇಕು. ಪಣ ಕಟ್ಟುವವನು ತೆರಿಗೆಗೆ ಬೇಸತ್ತು ಕಳ್ಳ ಬುಕ್ಕಿಯ ಫೋನ್ ನಂಬರ್ ಹುಡುಕಿಕೊಂಡರೆ ಈ ಇಡೀ ಕೊಳವೆ ಮೇಲಿನಿಂದಲೇ ಬತ್ತುತ್ತದೆ. ಒಬ್ಬ ಸೈಸ್ ಎರಡು ಮೂರು ಕುದುರೆ ನೋಡಿಕೊಳ್ಳುವ ಲೆಕ್ಕ ಹಿಡಿದರೆ, ಒಂದು ಲಾಯದಿಂದ 6 ಕುದುರೆ ಹೊರಟಾಗ ಎರಡೋ ಮೂರೋ ಮನೆಯ ಒಲೆಗೆ ಪೆಟ್ಟು.

ಬೆಂಗಳೂರಿನಲ್ಲಿ ಇದರ ಜೊತೆಗೆ ಜಾಗದ ಅನಿಶ್ಚಿತತೆಯೂ ಇದೆ. ನಗರದ ನಟ್ಟನಡುವೆ ಸುಮಾರು 85 ಎಕರೆಯಲ್ಲಿರುವ ರೇಸ್‌ಕೋರ್ಸ್‌ನ ಗುತ್ತಿಗೆ ಅವಧಿ 2009ರಲ್ಲೇ ಮುಗಿದಿದ್ದು, ವ್ಯಾಜ್ಯ ಅಂದಿನಿಂದ ಎಳೆದಾಡುತ್ತಲೇ ಬಂದಿದೆ. 2024ರ ಬೇಸಿಗೆಯಲ್ಲಿ ಓಟದ ಪರವಾನಗಿಯೇ ಹೈಕೋರ್ಟ್ ಮೆಟ್ಟಿಲೇರಿತು. ಏಕಸದಸ್ಯ ಪೀಠ ಅನುಮತಿ ಕೊಟ್ಟ ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ತಡೆಯಿತು. ಓಟ ನಿಂತಿತೆಂದು ಕುದುರೆ ಹುಲ್ಲು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಖರ್ಚು ಓಡುತ್ತಿರುತ್ತದೆ, ಬಹುಮಾನ ಮಾತ್ರ ಇರುವುದಿಲ್ಲ. ರೇಸ್‌ಕೋರ್ಸನ್ನು ಸುಮಾರು 70 ಕಿ.ಮೀ. ಆಚೆಯ ಕುಣಿಗಲ್‌ಗೆ, ಅಲ್ಲಿನ ಹಳೆಯ ಕುದುರೆ ತಳಿ ಸಾಕಣೆ ಕೇಂದ್ರವಾದ ಸ್ಟಡ್ ಫಾರ್ಮ್‌ನ ಜಾಗಕ್ಕೆ ಕಳುಹಿಸುವ ಯೋಜನೆಯೂ ಇದೆ. ಅದು ನಡೆದರೆ ಕುಣಿಗಲ್, ಯಡಿಯೂರು ಕಡೆಯ ಹುಡುಗರಿಗೆ ಮನೆಬಾಗಿಲಿಗೇ ಕೆಲಸ ಬಂದಂತೆ. ಮಕ್ಕಳನ್ನು ಬೆಂಗಳೂರಿನ ಶಾಲೆಗೆ ಹಾಕಿರುವ ಸೈಸ್‌ಗಳಿಗೆ ಸಂಸಾರ ಎರಡು ಕಡೆ.

ಹಾಗಾಗಿ ಕುದುರೆ ಲೋಕದಲ್ಲಿ ಕೆಲಸ ಹುಡುಕುವವರು ಯಾವ ಕೆಲಸ ಎಂದು ಕೇಳುವ ಮುಂಚೆ ಆ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ರೇಸ್ ಲಾಯದ ದುಡ್ಡು ಪಣದಿಂದ ಬರುತ್ತದೆ, ರೈಡಿಂಗ್ ಶಾಲೆಯದು ಅಪ್ಪ ಅಮ್ಮಂದಿರ ಫೀಸಿನಿಂದ. ಲಾಳ ಹೊಡೆಯುವವನಿಗೂ ಪಶುವೈದ್ಯರಿಗೂ ಕುದುರೆ ಎಲ್ಲಿದ್ದರೂ ದುಡ್ಡು ಬರುತ್ತದೆ.

ಕಲಿಯಲು ರೇಸ್ ಲಾಯ, ನೆಲೆ ನಿಲ್ಲಲು ಬೇರೆ ಕಡೆ

ಇಷ್ಟೆಲ್ಲ ಹೇಳಿದರೂ ಕೈ ಪಳಗಿಸಲು ರೇಸ್ ಲಾಯದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ರೈಡಿಂಗ್ ಶಾಲೆಯಲ್ಲಿ ಐದು ವರ್ಷಕ್ಕೆ ಕಾಣುವಷ್ಟು ಊತ, ಕೆಮ್ಮು, ಕುಂಟು, ಹೊಟ್ಟೆಶೂಲೆ ಇಲ್ಲಿ ಒಂದೇ ವರ್ಷದಲ್ಲಿ ಕಣ್ಣೆದುರು ಬರುತ್ತವೆ. ಮುಂಜಾನೆ ನಾಲ್ಕೂವರೆಗೆ ಲಾಯದ ಬಾಗಿಲು ತೆರೆದಾಗ ಒಳ್ಳೆಯ ಸೈಸ್ ಮೊದಲು ಕುದುರೆಯ ಮುಖ ನೋಡುವುದಿಲ್ಲ, ಗೋದಲಿ ನೋಡುತ್ತಾನೆ. ರಾತ್ರಿಯ ದಾಣಿ ಉಳಿದಿದೆಯೇ? ಲದ್ದಿ ಎಂದಿನಷ್ಟು ಬಿದ್ದಿದೆಯೇ? ಬಕೆಟ್ಟಿನ ನೀರು ಎಷ್ಟು ಇಳಿದಿದೆ? 450ರಿಂದ 500 ಕೆ.ಜಿ. ತೂಗುವ ಕುದುರೆ ದಿನಕ್ಕೆ 25ರಿಂದ 50 ಲೀಟರ್ ನೀರು ಕುಡಿಯುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಹತ್ತೇ ಲೀಟರ್ ಕುಡಿದಿದ್ದರೆ ಏನೋ ಎಡವಟ್ಟಾಗಿದೆ. ಆಮೇಲೆ ಥರ್ಮಾಮೀಟರ್. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ, ಅದಕ್ಕಿಂತ ಮೇಲಿದ್ದರೆ ಆ ಕುದುರೆ ಇವತ್ತು ಟ್ರ್ಯಾಕಿಗಿಲ್ಲ. ದವಡೆಯ ಕೆಳಗಿನ ನಾಡಿಯನ್ನು ಬೆರಳಲ್ಲಿ ಒತ್ತಿ ಎಣಿಸಿದರೆ ನಿಮಿಷಕ್ಕೆ 28ರಿಂದ 44 ಬಡಿತ ಇರಬೇಕು. ಈ ಮೂರು ಸಂಖ್ಯೆ ಬಾಯಿಪಾಠ ಇರುವ ಹೊಸಬರಿಗೆ ಜಮೇದಾರ ಕೊಡುವ ಬೆಲೆಯೇ ಬೇರೆ.

ಹೊಟ್ಟೆಶೂಲೆಯ ವಿಷಯದಲ್ಲಿ ಹೊಸಬರಷ್ಟೇ ಅಲ್ಲ, ಹಳಬರೂ ತಪ್ಪುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದ ಸ್ನಾಯು ಅಷ್ಟು ಬಿಗಿ. ಒಳಗೆ ಹೋದದ್ದು ಹಿಂಭಾಗದಿಂದಲೇ ಬರಬೇಕು, ನಡುವೆ ಕಟ್ಟಿಕೊಂಡರೆ ಜೀವಕ್ಕೆ ಸಂಚಕಾರ. ನೆಲ ಕೆರೆಯುವುದು, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುವುದು, ಮಲಗಿ ಹೊರಳುವುದು ಲಕ್ಷಣ. ಆಗ ಮಾಡಬೇಕಾದ್ದು ಮೇವು ತೆಗೆಯುವುದು, ನಾಡಿ ಎಣಿಸುವುದು, ವೈದ್ಯರಿಗೆ ಫೋನ್ ಮಾಡಿ ಕೊನೆಯ ಲದ್ದಿ ಯಾವಾಗ ಬಿತ್ತು ಎಂದು ಹೇಳುವುದು. ನಾಡಿ 60 ದಾಟಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ. ಮಾಡಬಾರದ್ದು ಬಾಟಲಿಯಲ್ಲಿ ಎಣ್ಣೆ ಕುಡಿಸುವುದು. ತಲೆ ಮೇಲೆತ್ತಿ ಸುರಿದ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಶೂಲೆ ವಾಸಿಯಾದ ಕುದುರೆ ನ್ಯುಮೋನಿಯಾಕ್ಕೆ ಸಾಯುತ್ತದೆ. ಎಣ್ಣೆ ಬೇಕೇ ಬೇಕೆಂದರೆ ವೈದ್ಯರೇ ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ಕೊಡುತ್ತಾರೆ.

ಜಾಕಿಯಾಗುವ ಆಸೆ ಇದ್ದರೆ ಮೊದಲು ಕನ್ನಡಿ ಮುಂದೆ ನಿಲ್ಲಬೇಕು, ಆಮೇಲೆ ಅಪ್ಪನ ಪಕ್ಕ. ಕುದುರೆಯ ಸಾಮರ್ಥ್ಯ ನೋಡಿ ಹೊರುವ ತೂಕ ನಿಗದಿ ಮಾಡುವ ಹ್ಯಾಂಡಿಕ್ಯಾಪ್ ಓಟಗಳಲ್ಲಿ ಅತಿ ಕೆಳಗಿನ ತೂಕ 50 ಕೆ.ಜಿ. ಆಸುಪಾಸು ಇರುತ್ತದೆ, ಜೀನಿನ ತೂಕವೂ ಅದರೊಳಗೇ. ಹದಿನಾರಕ್ಕೆ 48 ಕೆ.ಜಿ. ಇರುವ ಹುಡುಗನ ಅಪ್ಪ ಐದೂ ಮುಕ್ಕಾಲು ಅಡಿ ಆಳಾದರೆ ಇಪ್ಪತ್ತಕ್ಕೆ ಆ ತೂಕ ಉಳಿಸಿಕೊಳ್ಳಲು ಹಸಿವಿನ ಜೊತೆ ಸಂಸಾರ ಮಾಡಬೇಕಾಗುತ್ತದೆ. ಅಂಥವರಿಗೆ ಬೆಳಗಿನ ತಾಲೀಮಿನಲ್ಲಿ ಕುದುರೆ ಓಡಿಸುವ ರೈಡಿಂಗ್ ಬಾಯ್ ಕೆಲಸ ವಾಸಿ. ಅಲ್ಲಿ ಅರ್ಧ ಕೆ.ಜಿ.ಗೆ ಯಾರೂ ಜಗಳ ತೆಗೆಯುವುದಿಲ್ಲ.

ಫೀಸಿನ ದುಡ್ಡು

ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದ ಮೇಲೆ ಬೆಂಗಳೂರಿನ ಮಧ್ಯಮ ವರ್ಗಕ್ಕೂ ಈಕ್ವೆಸ್ಟ್ರಿಯನ್ (ಕುದುರೆ ಸವಾರಿ ಕ್ರೀಡೆ) ಎಂಬ ಪದ ಪರಿಚಯವಾಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ಕುದುರೆಯನ್ನು ಲಯಬದ್ಧ ಹೆಜ್ಜೆಯಲ್ಲಿ ನಡೆಸುವ ಡ್ರೆಸಾಜ್ ತಂಡ ಚಿನ್ನ ತಂದಾಗ ಕುದುರೆ ಸವಾರಿ ಕ್ರೀಡೆಯಲ್ಲಿ ಭಾರತಕ್ಕೆ 41 ವರ್ಷಗಳ ಬಳಿಕ ಬಂದ ಚಿನ್ನ ಅದು. ದೇವನಹಳ್ಳಿ, ಯಲಹಂಕ ಕಡೆಯ ರೈಡಿಂಗ್ ಶಾಲೆಗಳಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಮಕ್ಕಳನ್ನು ಬಿಡಲು ಬಂದ ಕಾರುಗಳ ಸಾಲು ಕಾಣುತ್ತದೆ.

ಇಲ್ಲಿ ಕೆಲಸಗಳ ಸಂಖ್ಯೆಯನ್ನು ನಿರ್ಧರಿಸುವುದು ಕುದುರೆಯ ಬೆನ್ನು. ತರಗತಿಯ ಕುದುರೆಯನ್ನು ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ದುಡಿಸಿದರೆ ಬೆನ್ನು ನೋವು ಶುರುವಾಗುತ್ತದೆ, ಬೆನ್ನು ನೋವಿನ ಕುದುರೆ ಮಗುವನ್ನು ಬೀಳಿಸುತ್ತದೆ. 10 ಕುದುರೆ ಇರುವ ಶಾಲೆಯಲ್ಲಿ ಹೆಚ್ಚೆಂದರೆ 30 ತರಗತಿ. ಅದೂ ಬಿಸಿಲಿಲ್ಲದ ಬೆಳಗು ಸಂಜೆಯಲ್ಲಿ. ಇಬ್ಬರು ಮೂವರು ಇನ್‌ಸ್ಟ್ರಕ್ಟರ್‌ಗಳಿಗಿಂತ ಹೆಚ್ಚು ಜನರನ್ನು ಅಂಥ ಶಾಲೆ ಸಾಕಲಾರದು. ಹಾಗಾಗಿ ಸವಾರಿ ಬರುತ್ತದೆ, ಕೆಲಸ ಕೊಡಿ ಎಂದು ಹೋದವರಿಗಿಂತ ಆರಂಭಿಕ ಮಕ್ಕಳಿಗೆ ಕಲಿಸಬಲ್ಲೆ, ಲಾಯವನ್ನೂ ನೋಡಿಕೊಳ್ಳಬಲ್ಲೆ ಎಂದವರಿಗೆ ಬಾಗಿಲು ತೆರೆಯುತ್ತದೆ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಹಂತ ಪರೀಕ್ಷೆಗಳು ಇದೇ ಕಾರಣಕ್ಕೆ ಸವಾರಿಯ ಜೊತೆ ಕುದುರೆ ಆರೈಕೆಯನ್ನೂ ಅಳೆಯುತ್ತವೆ. ಒಂದು ಮಾತು ಸೇರಿಸಬೇಕು: ರೇಸ್ ಲಾಯಗಳಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಗಂಡಸರದೇ ರಾಜ್ಯ. ಹೆಣ್ಣುಮಕ್ಕಳಿಗೆ ಮೊದಲ ಬಾಗಿಲು ಸಿಗುವುದು ಬಹುಪಾಲು ಈ ಶಾಲೆಗಳಲ್ಲೇ.

ರೇಸ್ ಬಿಟ್ಟ ಕುದುರೆಗಳು ಬಂದು ಸೇರುವುದೂ ಇಲ್ಲಿಗೇ. ಓಟದ ಕುದುರೆಗೆ ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಇನ್ನಷ್ಟು ಜೋರಾಗಿ ಓಡು ಎಂದರ್ಥ. ಶಾಲೆಯ ಮಗು ಹೆದರಿ ಲಗಾಮು ಎಳೆದಾಗ ಅದು ನಿಲ್ಲಬೇಕು. ಈ ಒಂದು ಅರ್ಥ ತಿರುಗಿಸಲು ತಿಂಗಳುಗಳು ಬೇಕು: ಮೊದಲು ಮೈ ಇಳಿಯುವಷ್ಟು ವಿಶ್ರಾಂತಿ, ದಾಣಿ ಕಡಿಮೆ ಮಾಡಿ ಹುಲ್ಲು ಹೆಚ್ಚು, ಆಮೇಲೆ ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ನಡೆ, ಹತ್ತುವಾಗ ಅಲ್ಲಾಡದೆ ನಿಲ್ಲುವ ಅಭ್ಯಾಸ. ಪಣದ ದುಡ್ಡು ಬತ್ತಿದಷ್ಟೂ ಇಂಥ ಕುದುರೆಗಳು ಹೆಚ್ಚುತ್ತವೆ, ತಿದ್ದುವ ಕೈಗಳಿಗೆ ಕೆಲಸವೂ ಹೆಚ್ಚುತ್ತದೆ. ಆದರೆ ಆ ಕೆಲಸಕ್ಕೆ ದುಡ್ಡು ಕೊಡುವವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಲಾಳ

ಇಡೀ ಕ್ಷೇತ್ರದಲ್ಲಿ ಅತಿ ಕಡಿಮೆ ಜನ ಕಣ್ಣು ಹಾಕಿರುವ ಕೆಲಸ ಲಾಳ ಹೊಡೆಯುವುದು. ಲೆಕ್ಕ ನೋಡಿದರೆ ಅತಿ ಭದ್ರವಾದದ್ದೂ ಅದೇ. ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಲೇಬೇಕು. ಓಟ ನಿಂತರೂ, ಕ್ಲಬ್ ಸ್ಥಳಾಂತರವಾದರೂ ಗೊರಸು ಬೆಳೆಯುವುದು ನಿಲ್ಲುವುದಿಲ್ಲ. 40 ಕುದುರೆಯ ಒಂದೇ ಲಾಯ, ಐದು ವಾರದ ಸುತ್ತು ಎಂದರೂ ವಾರಕ್ಕೆ 8 ಕುದುರೆ. ಓಡುವ ಕುದುರೆಗಳಿಗೆ ಹಗುರ ಅಲ್ಯೂಮಿನಿಯಂ ಲಾಳ, ಅದು ಬೇಗ ಸವೆಯುವುದರಿಂದ ಸುತ್ತು ಇನ್ನೂ ಚಿಕ್ಕದು.

ಕೆಲಸದ ಸೂಕ್ಷ್ಮ ಇರುವುದು ಮೊಳೆಯಲ್ಲಿ. ಗೊರಸನ್ನು ತಿರುಗಿಸಿ ನೋಡಿದರೆ ಹೊರಗೋಡೆಗೂ ಅಂಗಾಲಿಗೂ ನಡುವೆ ಒಂದು ತಿಳಿ ಬಣ್ಣದ ಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಹೋಗಬೇಕು, ಒಳಗೆ ಜೀವ ಇದೆ. ಲಾಳದ ಮೊಳೆಯ ತುದಿಯನ್ನು ಒಂದು ಕಡೆ ಓರೆಯಾಗಿ ಮಾಡಿರುತ್ತಾರೆ. ಆ ಓರೆ ಒಳಮುಖವಾಗಿದ್ದರೆ ಮೊಳೆ ಹೊರಕ್ಕೆ ಬಾಗಿ, ಗೋಡೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರದಲ್ಲಿ ಹೊರಬರುತ್ತದೆ. ತಿರುಗಿಸಿ ಹಿಡಿದರೆ ನೇರ ಮಾಂಸಕ್ಕೆ. ಅನುಭವಿ ಕೈಗೆ ಇದು ಕಿವಿಯಲ್ಲೇ ಗೊತ್ತಾಗುತ್ತದೆ: ಗಟ್ಟಿ ಗೋಡೆಯಲ್ಲಿ ಏರುವ ಮೊಳೆ ಪ್ರತಿ ಏಟಿಗೂ ಠಣ್ ಠಣ್ ಎಂದು ದನಿ ಏರಿಸುತ್ತದೆ. ಮೆತ್ತನೆಯ ಕಡೆ ಸರಿದರೆ ದನಿ ಮಂಕಾಗುತ್ತದೆ, ಕಾಲು ಮಿಡುಕುತ್ತದೆ. ಆಗಲೇ ಎಳೆದುಬಿಡಬೇಕು. ರಕ್ತ ಬಂದರೆ ರಂಧ್ರ ತೊಳೆದು ಔಷಧಿ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಬೇಕು. ರಕ್ತ ಬಾರದೆ ಮೊಳೆ ಜೀವಭಾಗಕ್ಕೆ ತೀರ ಹತ್ತಿರ ಒತ್ತಿಕೊಂಡು ಕೂತದ್ದೇ ಹೆಚ್ಚು ಕೆಟ್ಟದ್ದು. ಕುದುರೆ ಅವತ್ತು ಸರಿಯಾಗೇ ನಡೆದು ಎರಡನೇ ದಿನ ಕುಂಟುತ್ತದೆ. ಅಷ್ಟರಲ್ಲಿ ಎಲ್ಲರೂ ಮೊಣಕಾಲು, ಭುಜ ಅಂತ ಹುಡುಕುತ್ತಿರುತ್ತಾರೆ.

ಗೊರಸಿನ ಮುಂಭಾಗ ಉದ್ದ ಬಿಟ್ಟರೆ ಹೆಜ್ಜೆ ದೊಡ್ಡದಾಗುತ್ತದೆ ಎಂಬ ನಂಬಿಕೆ ರೇಸ್ ಲಾಯಗಳಲ್ಲಿ ಇನ್ನೂ ಜೀವಂತವಾಗಿದೆ. ಮುಂಭಾಗ ಉದ್ದವಾಗಿ ಹಿಮ್ಮಡಿ ತಗ್ಗಿದರೆ ಕಾಲಿನ ಹಿಂಬದಿಯ ನರಕ್ಕೆ, ಅಂದರೆ ಟೆಂಡನ್‌ಗೆ, ಪ್ರತಿ ಹೆಜ್ಜೆಗೂ ಹೆಚ್ಚು ಎಳೆತ. ಪಕ್ಕದಿಂದ ನೋಡಿದಾಗ ಗೊರಸಿನ ಮುಂಗೋಡೆ ಮತ್ತು ಅದರ ಮೇಲಿನ ಗೆಣ್ಣು ಒಂದೇ ಓರೆಯಲ್ಲಿರಬೇಕು, ಮುರಿದ ಗೆರೆಯಾಗಿ ಕಾಣಬಾರದು. ಇದನ್ನು ಟ್ರೈನರ್ ಮುಂದೆ ಹೇಳುವ ಧೈರ್ಯವೂ ಈ ವಿದ್ಯೆಯ ಭಾಗ.

ಕಲಿಯುವ ದಾರಿ ಬಹುಮಟ್ಟಿಗೆ ಉಸ್ತಾದರ ಹಿಂದೆ ಎರಡು ಮೂರು ವರ್ಷ ತಿರುಗುವುದೇ. ಮೊದಲ ವರ್ಷ ಕಾಲು ಹಿಡಿಯುವುದು, ಹಳೆಯ ಲಾಳ ಬಿಚ್ಚುವುದು, ಅರ ಹಾಕುವುದು ಇಷ್ಟೇ. ಸುತ್ತಿಗೆ, ಇಕ್ಕಳ, ಗೊರಸು ಕತ್ತರಿಸುವ ನಿಪ್ಪರ್, ಕೊಕ್ಕೆ ಚಾಕು, ಅರ, ಚರ್ಮದ ಏಪ್ರನ್ ಸ್ವಂತದ್ದಿರಬೇಕು. ಸೊಂಟ ಗಟ್ಟಿ ಇಲ್ಲದವರು ಈ ಕಡೆ ಬರಬಾರದು. ದಿನಕ್ಕೆ ಐದು ಕುದುರೆ ಎಂದರೆ ಬಗ್ಗಿದ ಬೆನ್ನಿನಲ್ಲೇ ಇಡೀ ಹೊತ್ತು.

ಪದವಿ, ಸಮವಸ್ತ್ರ, ವಿದೇಶ

ಪಶುವೈದ್ಯ ಪದವಿಗೆ ಐದೂವರೆ ವರ್ಷ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ರಾಜ್ಯದ ಸೀಟು ಸಿಇಟಿ ಮೂಲಕ, ಅಖಿಲ ಭಾರತ ಕೋಟಾದ ಶೇ 15 ನೀಟ್ ಮೂಲಕ. ಆದರೆ ಪಠ್ಯದಲ್ಲಿ ದನ, ಎಮ್ಮೆ, ಕೋಳಿಗೆ ಸಿಗುವ ಜಾಗ ಕುದುರೆಗೆ ಇಲ್ಲ. ಕುಂಟುವ ಕಾಲಿಗೆ ನರ ಮರಗಟ್ಟಿಸಿ ನೋವಿನ ಜಾಗ ಪತ್ತೆ ಹಚ್ಚುವುದು, ಹಲ್ಲು ಅರ ಹಾಕುವುದು, ಕೊಳ್ಳುವ ಮುಂಚಿನ ತಪಾಸಣೆ ಇವೆಲ್ಲ ಕುದುರೆ ವೈದ್ಯರ ಜೊತೆ ಓಡಾಡಿಯೇ ಬರಬೇಕು. ರಜೆಯಲ್ಲಿ ಅಂಥ ವೈದ್ಯರ ಬ್ಯಾಗ್ ಹೊತ್ತ ವಿದ್ಯಾರ್ಥಿ ಪದವಿ ಮುಗಿಯುವಷ್ಟರಲ್ಲಿ ಎರಡು ವರ್ಷ ಮುಂದಿರುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನಾ ಪಾಲಿಟೆಕ್ನಿಕ್‌ನ ಎರಡು ವರ್ಷದ ಡಿಪ್ಲೊಮಾ ಇದೆ, ಸ್ಟಡ್ ಫಾರ್ಮ್‌ಗಳಲ್ಲಿ ಸಹಾಯಕರ ಕೆಲಸಕ್ಕೆ ಅದು ಸಾಕು. ಕಾಸಿಲ್ಲದೆ ಸವಾರಿ ಕಲಿಯಬೇಕೆಂದರೆ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ (ಕುದುರೆ ಸಾಕಣೆ ಮತ್ತು ಪಶುವೈದ್ಯ) ಘಟಕ ಉತ್ತಮ ದಾರಿ, ಹೆಬ್ಬಾಳದಲ್ಲೇ ಇದೆ.

ಮೈಸೂರಿನ ಪೊಲೀಸ್ ಅಶ್ವಾರೋಹಿ ದಳ ದಸರೆಯಲ್ಲಿ ಎಲ್ಲರಿಗೂ ಕಾಣುತ್ತದೆ, ಆದರೆ ಅಲ್ಲಿಗೆ ಹೋಗಲು ಮೊದಲು ಪೊಲೀಸ್ ನೇಮಕಾತಿ ಗೆಲ್ಲಬೇಕು. ಸೈನ್ಯದ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನ ಕೇಂದ್ರ ಮೀರತ್‌ನಲ್ಲಿದೆ. ಅಗ್ನಿವೀರರಾಗಿ ಹೋದವರಲ್ಲಿ ನಾಲ್ಕು ವರ್ಷದ ಬಳಿಕ ಉಳಿಯುವುದು ಹೆಚ್ಚೆಂದರೆ ಶೇ 25 ಮಂದಿ. ಉಳಿಯದವರು ಕೈಗಲಿತ ವಿದ್ಯೆ ಹೊತ್ತು ಬರುತ್ತಾರೆ, ಅಲ್ಲಿ ಲಾಳದ ಕೆಲಸ ಕಲಿತವರಿಗೆ ಊರಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಅದೇ ಮೀರತ್ ಕೇಂದ್ರಕ್ಕೆ 2025ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ಕುದುರೆ ರೋಗಮುಕ್ತ ಘಟಕ ಎಂಬ ಮಾನ್ಯತೆ ಸಿಕ್ಕಿದೆ. ಗ್ಲ್ಯಾಂಡರ್ಸ್‌ನಂಥ ರೋಗಗಳ ಭಯದಿಂದ ನಮ್ಮ ಕುದುರೆಗಳಿಗೆ ಹೊರದೇಶಕ್ಕೆ ಹೋಗಲು ಅಡ್ಡಿಯಿದ್ದದ್ದಕ್ಕೇ ನಮ್ಮ ಸವಾರರು ಯೂರೋಪಿನಲ್ಲಿ ಕುದುರೆ ಸಾಕುತ್ತಿದ್ದರು. ಇಂಥ ಘಟಕ ನಡೆಸಲು ಕ್ವಾರಂಟೈನ್ ಶಿಸ್ತು ಗೊತ್ತಿರುವ, ದಾಖಲೆ ಬರೆಯಬಲ್ಲ ಗ್ರೂಮ್‌ಗಳು ಬೇಕು. ಓದು ಬರಹ ಚೆನ್ನಾಗಿ ಬಲ್ಲ ಸೈಸ್‌ಗೆ ಇಲ್ಲೊಂದು ಹೊಸ ಜಾಗ ತೆರೆಯಬಹುದು.

ಇಂಗ್ಲಿಷ್ ಬಲ್ಲ ಪದವೀಧರರಿಗೆ ಐರಿಷ್ ನ್ಯಾಷನಲ್ ಸ್ಟಡ್‌ನ ತಳಿ ಸಂವರ್ಧನೆ ಕೋರ್ಸ್ ಇದೆ, ಮರಿ ಹಾಕುವ ಕಾಲಕ್ಕೆ ಸರಿಯಾಗಿ ವರ್ಷದ ಮೊದಲ ಆರು ತಿಂಗಳು ನಡೆಯುತ್ತದೆ. ರೇಸ್ ಕುದುರೆ ಉದ್ಯಮದ ತರಬೇತಿಯಾದ ಗಾಡಾಲ್ಫಿನ್ ಫ್ಲೈಯಿಂಗ್ ಸ್ಟಾರ್ಟ್ ಎರಡು ವರ್ಷದ್ದು, ಪೂರ್ತಿ ವಿದ್ಯಾರ್ಥಿವೇತನದ್ದು, ವರ್ಷಕ್ಕೆ ಜಗತ್ತಿನಾದ್ಯಂತ ಆಯ್ಕೆಯಾಗುವವರು ಒಂದು ಡಜನ್ ಮಂದಿ. ಸೈಸ್‌ಗಳಿಗೆ ದಾರಿ ಕೊಲ್ಲಿ ದೇಶಗಳು. ಅಲ್ಲಿಗೆ ಕಳುಹಿಸುವ ಏಜೆಂಟ್ ಕೇಂದ್ರ ಸರ್ಕಾರದ ಜಾಲತಾಣ ಇ-ಮೈಗ್ರೇಟ್‌ನಲ್ಲಿ ನೋಂದಾಯಿತನಾಗಿರಬೇಕು, ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮೀರುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಸರಿ ಮಾಡಿಸೋಣ ಎಂದವನಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಸೇರುವ ದಿನ

ಕೂಲಿಯ ಮಾತಾಡುವಾಗ ಮೂರು ವಿಷಯ ಬಾಯಿಬಿಟ್ಟು ಕೇಳಬೇಕು: ಸಂಬಳ ಕೊಡುವವರು ಯಾರ ಹೆಸರಲ್ಲಿ ಕೊಡುತ್ತಾರೆ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ನಂಬರ್ ಇದೆಯೇ, ಒದೆ ತಿಂದು ಮೂಳೆ ಮುರಿದರೆ ಆಸ್ಪತ್ರೆ ಖರ್ಚು ಯಾರದು. ರೇಸ್ ಕ್ಲಬ್ಬುಗಳೂ ಇಎಸ್‌ಐ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟದ್ದು ಬೆಂಗಳೂರು ಟರ್ಫ್ ಕ್ಲಬ್‌ನ ಮೊಕದ್ದಮೆಯಲ್ಲೇ. ಆದರೆ ಸೈಸ್‌ನ ಧಣಿ ಟ್ರೈನರ್, ಕ್ಲಬ್ ಅಲ್ಲ. ಟ್ರೈನರ್‌ನ ಲಾಯದಲ್ಲಿ ಕನಿಷ್ಠ 10 ಮಂದಿ ಕೆಲಸಗಾರರಿದ್ದು, ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಅನ್ವಯಿಸುತ್ತದೆ, ಅದಕ್ಕೆ ಕೆಲಸಗಾರನ ಪಾಲು ಸಂಬಳದ ಶೇ 0.75 ಮಾತ್ರ. 15,000 ಸಂಬಳಕ್ಕೆ 112 ರೂಪಾಯಿ 50 ಪೈಸೆ. ಅದನ್ನು ಉಳಿಸಲೆಂದು ಕೈಗೇ ಪೂರ್ತಿ ಕೊಡ್ತೀವಿ ಎನ್ನುವ ಮಾತಿಗೆ ಮರುಳಾಗಬಾರದು.

ಪರೀಕ್ಷೆ ಸಾಮಾನ್ಯವಾಗಿ ಒಂದು ಬೆಳಗು. ಯಾರೂ ಕುದುರೆ ಹತ್ತಿ ತೋರಿಸು ಎನ್ನುವುದಿಲ್ಲ. ಎಡಭುಜದ ಪಕ್ಕ ನಿಂತು ಹಗ್ಗ ಹಾಕುತ್ತೀರಾ, ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಚಿ ಹಿಡಿಯುತ್ತೀರಾ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತೀರಾ ಎಂದು ಜಮೇದಾರ ಬೀಡಿ ಸೇದುತ್ತ ದೂರದಿಂದ ನೋಡುತ್ತಿರುತ್ತಾನೆ. ಗೊರಸು ಎತ್ತಿ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆಯಬೇಕು, ನಡುವಿನ ಮೆತ್ತನೆ ತ್ರಿಕೋನಕ್ಕೆ ಮೊನೆ ತಾಕಿಸಬಾರದು, ಅಲ್ಲಿ ಕೊಳೆತ ವಾಸನೆ ಬಂದರೆ ಸುಮ್ಮನಿರದೆ ಹೇಳಬೇಕು. ಎಲ್ಲ ಮುಗಿಸಿ ಹೊರಬಂದು ಮೇಲಿನ ಚಿಲಕ ಹಾಕುವುದು ಯಾರಿಗೂ ಮರೆಯುವುದಿಲ್ಲ. ಬಾಗಿಲ ಬುಡದಲ್ಲಿ ಇನ್ನೊಂದು ಚಿಲಕ ಇರುತ್ತದೆ, ಕಾಲಲ್ಲಿ ದೂಡುವಂಥದ್ದು. ಮೇಲಿನದನ್ನು ಜಾಣ ಕುದುರೆ ತುಟಿಯಲ್ಲೇ ತೆರೆಯುತ್ತದೆ ಎಂದು ಗೊತ್ತಿರುವವರು ಅದನ್ನೂ ದೂಡಿ ಹೋಗುತ್ತಾರೆ.